ಕುಲಾವಿಯಿಂದ ಕೌದಿಗೆ

ಮಗು ಬೆಳೆಯುವ ವೇಗಕ್ಕೆ ಯಾವ ದರ್ಜಿಯೂ ಹೊಂದಿಕೊಳ್ಳಲಾರ. ಹುಟ್ಟಿದಾಗ ಸುಮಾರು 50 ಸೆಂಟಿಮೀಟರ್ ಉದ್ದವಿರುವ ಕೂಸು ವರ್ಷ ತುಂಬುವ ಹೊತ್ತಿಗೆ 75 ಸೆಂಟಿಮೀಟರಿನ ಆಸುಪಾಸಿಗೆ ಬಂದಿರುತ್ತದೆ. ತೂಕವಂತೂ ಹೆಚ್ಚುಕಡಿಮೆ ಮೂರು ಪಟ್ಟಾಗಿರುತ್ತದೆ. ಹುಟ್ಟಿದ ಮೇಲೆ ಮನುಷ್ಯ ಮತ್ತೆಂದೂ ಇಷ್ಟು ಅವಸರದಲ್ಲಿ ಬೆಳೆಯುವುದಿಲ್ಲ. ಆದ್ದರಿಂದಲೇ ನಾಮಕರಣಕ್ಕೆ ತಂದ ಜಬಲಾ ಅನ್ನಪ್ರಾಶನಕ್ಕೆ ಬರುವುದಿಲ್ಲ. ನಮ್ಮ ನಿಮ್ಮ ಅಂಗಿಗಳು ಹರಿದು ಹಳತಾಗುತ್ತವೆ. ಕೂಸಿನ ಅಂಗಿ ಹೊಸದಾಗಿದ್ದಾಗಲೇ ಚಿಕ್ಕದಾಗುತ್ತದೆ. ಎಸೆಯಲು ಮನಸ್ಸು ಬಾರದೆ ತಾಯಂದಿರು ಅದನ್ನು ಮಡಿಸಿ ಟ್ರಂಕಿನ ತಳಕ್ಕೆ ಸೇರಿಸುತ್ತಾರೆ. ಮೇಲೆ ಎರಡು ನುಸಿಗುಳಿಗೆ. ಆಮೇಲೆ ಹತ್ತು ಹದಿನೈದು ವರ್ಷ ಆ ಟ್ರಂಕನ್ನು ಯಾರೂ ತೆರೆಯುವುದಿಲ್ಲ.

ಹಾವೇರಿ ಜಿಲ್ಲೆಯ ತಾಯಿಯೊಬ್ಬರು ಈ ಅಂಕಣಕ್ಕೆ ಬರೆದ ಪತ್ರ ನನ್ನ ಮುಂದಿದೆ. ಮಗಳು ಹತ್ತನೆಯ ತರಗತಿ. ಬರುವ ಜೂನ್‌ನಲ್ಲಿ ಪಿಯುಸಿಗೆಂದು ಊರು ಬಿಟ್ಟು ಹಾಸ್ಟೆಲ್ ಸೇರುತ್ತಾಳೆ. ಅಷ್ಟರೊಳಗೆ ಅವಳ ಕೂಸುತನದ ಬಟ್ಟೆಗಳಿಂದ ಒಂದು ಕೌದಿ ಹೊಲಿದು ಕೊಟ್ಟು ಕಳಿಸಬೇಕೆಂದು ತಾಯಿ ಮಗಳಿಬ್ಬರಿಗೂ ಆಸೆ. ಆದರೆ ಮನೆಯ ಹಿರಿಯರು, ಅಂದರೆ ಪತ್ರ ಬರೆದವರ ಅತ್ತೆಯವರು, ಮಕ್ಕಳ ಬಟ್ಟೆಗೆ ಕತ್ತರಿ ಹಾಕಬಾರದು ಎಂದು ಬಿಗಿಯಾಗಿ ಕೂತಿದ್ದಾರಂತೆ. 'ಸರ್, ವಿಜ್ಞಾನ ಏನು ಹೇಳುತ್ತದೆ?' ಎಂದು ಕೇಳಿದ್ದಾರೆ. ಪತ್ರದ ಕೊನೆಯಲ್ಲಿ, ಸಹಿಯ ಕೆಳಗೆ, ಇನ್ನೊಂದು ಸಾಲಿದೆ: ಅದೇ ಟ್ರಂಕಿನಲ್ಲಿ ಮೊದಲನೆಯ ಮಗುವಿನ ಎರಡು ಅಂಗಿಗಳೂ ಇವೆ, ಆ ಮಗು ಹನ್ನೊಂದು ತಿಂಗಳಷ್ಟೇ ಬದುಕಿತ್ತು ಎಂದು.

ಕತ್ತರಿಯ ಶಕುನದ ಬಗ್ಗೆ ವಿಜ್ಞಾನ ಏನೂ ಹೇಳುವುದಿಲ್ಲ. ಬಟ್ಟೆಯ ಬಗ್ಗೆ ಬೇಕಾದಷ್ಟು ಹೇಳುತ್ತದೆ. ಮೊದಲು ಅದನ್ನು ನೋಡೋಣ. ಕೊನೆಯ ಸಾಲಿಗೆ ಆಮೇಲೆ ಬರುತ್ತೇನೆ.

ಕೌದಿ ನಮಗೆ ಹೊಸದಲ್ಲ. ಧಾರವಾಡ, ಬೆಳಗಾವಿ, ವಿಜಯಪುರದ ಕಡೆ ಕೌದಿಯಿಲ್ಲದ ಹಳ್ಳಿಮನೆಯನ್ನು ಹುಡುಕುವುದೇ ಕಷ್ಟವಾಗಿತ್ತು. ಹಳೇ ಮೈಸೂರಿನಲ್ಲಿ ಬೊಂತೆ ಎನ್ನುತ್ತಿದ್ದರು. ಮಹಾರಾಷ್ಟ್ರದಲ್ಲಿ ಗೋಧಡಿ, ಬಂಗಾಳದಲ್ಲಿ ಕಾಂಥಾ. ಬಿಹಾರದ ಸುಜನಿಯನ್ನಂತೂ ಹುಟ್ಟಿದ ಕೂಸಿಗಾಗಿಯೇ ಹಳೆಯ ಸೀರೆಗಳಿಂದ ಹೊಲಿಯುವ ರೂಢಿಯಿತ್ತು. ನಮ್ಮ ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲ್ಲೂಕುಗಳಲ್ಲಿರುವ ಸಿದ್ದಿ ಹೆಂಗಸರು ಹೊಲಿಯುವ ಕವಂದಿಯನ್ನು ನೀವು ನೋಡಬೇಕು. ಅವರು ಅಳತೆಪಟ್ಟಿ ಹಿಡಿದು ಚೌಕ ಕತ್ತರಿಸುವುದಿಲ್ಲ. ಒಂದು ಅಂಚಿನಿಂದ ಶುರುಮಾಡಿ, ತುಂಡಿನ ಮೇಲೆ ತುಂಡು ಇಡುತ್ತಾ, ಸುತ್ತು ಹಾಕಿಕೊಂಡು ನಡುವಿನ ಕಡೆಗೆ ಹೊಲಿಯುತ್ತಾ ಬರುತ್ತಾರೆ. ಕೊನೆಗೆ ನಾಲ್ಕು ಮೂಲೆಗೂ ಬಟ್ಟೆಯನ್ನು ತ್ರಿಕೋನವಾಗಿ ಮಡಿಸಿ 'ಫುಲ', ಅಂದರೆ ಹೂವು, ಹಚ್ಚುತ್ತಾರೆ. ಹೂವಿಲ್ಲದ ಕವಂದಿ ಅವರ ಕಣ್ಣಿಗೆ ಬೆತ್ತಲೆ. ತಲೆತಲಾಂತರದಿಂದ ಬಂದ ಇಂಥ ವಿದ್ಯೆ ಕೈಯಲ್ಲಿರುವವರನ್ನು ನಾವು 'ಓದದವರು' ಎಂದು ಕರೆಯುತ್ತೇವೆ. ಇರಲಿ.

ಕೌದಿ ಬೆಚ್ಚಗಿರುವುದು ಏಕೆ? ಎಂಟನೆಯ ತರಗತಿಯಲ್ಲಿ ಈ ಪ್ರಶ್ನೆ ಕೇಳಿದರೆ 'ಬಟ್ಟೆ ದಪ್ಪ ಇದೆ ಸಾರ್' ಎಂಬ ಉತ್ತರ ಬರುತ್ತದೆ. ಅರ್ಧ ಸರಿ. ಬೆಚ್ಚಗಿಡುವುದು ಬಟ್ಟೆಗಿಂತ ಹೆಚ್ಚಾಗಿ, ಪದರಗಳ ನಡುವೆ ಸಿಕ್ಕಿಕೊಂಡ ಗಾಳಿ. ನಿಂತ ಗಾಳಿ ಬಹಳ ದುರ್ಬಲ ಉಷ್ಣವಾಹಕ. ನೀರು ಅದಕ್ಕಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ಅದಕ್ಕೇ ಒದ್ದೆ ಕೌದಿ ಹೊದ್ದರೆ ನಡುಕ ಬರುವುದು. ಆದರೆ ಗಾಳಿ ಓಡಾಡಲು ಜಾಗ ಸಿಕ್ಕರೆ ಸಂವಹನದಿಂದ ಶಾಖ ಹೊರಟುಹೋಗುತ್ತದೆ. ಕೌದಿಯ ತುಂಬಾ ಒತ್ತೊತ್ತಾಗಿ ಓಡುವ ಆ ಸಾದಾ ಹೊಲಿಗೆ ಇದೆಯಲ್ಲ, ಅದು ಪದರಗಳು ಜಾರದಂತೆ ಹಿಡಿಯುವುದರ ಜೊತೆಗೆ ಗಾಳಿಯನ್ನು ಸಣ್ಣ ಸಣ್ಣ ಕೋಣೆಗಳಲ್ಲಿ ಕೂಡಿಹಾಕುತ್ತದೆ. ಒಂದು ದಪ್ಪ ರಗ್ಗಿಗಿಂತ ನಾಲ್ಕು ಪದರದ ಹಳೆಯ ಸೀರೆ ಹಗುರವಾಗಿಯೂ ಹಿತವಾಗಿಯೂ ಇರುವ ಗುಟ್ಟು ಇದು.

ಈಗ ಟ್ರಂಕು ತೆರೆಯಿರಿ. ವಾಸನೆ ಗಪ್ಪೆಂದು ಮೂಗಿಗೆ ಹೊಡೆಯುತ್ತದೆ, ಆದರೆ ಇಟ್ಟ ಗುಳಿಗೆಗಳು ಮಾತ್ರ ಕಾಣುವುದಿಲ್ಲ. ನ್ಯಾಫ್ತಲೀನ್ ಕರಗದೆ ನೇರವಾಗಿ ಆವಿಯಾಗುವ ವಸ್ತು. ಉತ್ಪತನಕ್ಕೆ ಪಠ್ಯಪುಸ್ತಕ ಕೊಡುವ ಉದಾಹರಣೆಯೇ ಅದು. ಪಠ್ಯದಲ್ಲಿ ಬರದ ಒಂದು ಸಂಗತಿಯನ್ನು ತಂದೆತಾಯಿಗಳು ತಿಳಿದಿರಬೇಕು. ಜಿ-6-ಪಿಡಿ ಎಂಬ ಕಿಣ್ವದ ಕೊರತೆಯೊಂದಿಗೆ ಹುಟ್ಟುವ ಮಕ್ಕಳಿದ್ದಾರೆ. ಅಂಥ ಕೂಸಿಗೆ ನುಸಿಗುಳಿಗೆಯ ಜೊತೆ ಇಟ್ಟಿದ್ದ ಬಟ್ಟೆಯನ್ನು ಹಾಗೆಯೇ ತೆಗೆದು ತೊಡಿಸಿದರೆ ರಕ್ತದ ಕೆಂಪುಕಣಗಳು ಒಡೆದು ಕಾಮಾಲೆ ಏರಿ ಪ್ರಾಣಕ್ಕೇ ಅಪಾಯವಾಗಬಹುದು. ಅಣ್ಣನ ಅಂಗಿಯನ್ನು ತಮ್ಮನಿಗೆ ತೊಡಿಸುವ ನಮ್ಮ ಮನೆಗಳಲ್ಲಿ ಇದು ಸಣ್ಣ ಮಾತಲ್ಲ. ಕೂಸಿನ ಬಟ್ಟೆಗೆ ನುಸಿಗುಳಿಗೆ ಬೇಡವೇ ಬೇಡ. ಚೆನ್ನಾಗಿ ಒಗೆದು, ಗಂಜಿ ಹಾಕದೆ, ಬಿಸಿಲಿನಲ್ಲಿ ಒಣಗಿಸಿ, ಒಗೆದ ಹತ್ತಿ ಬಟ್ಟೆಯಲ್ಲಿ ಸುತ್ತಿಟ್ಟರೆ ಸಾಕು. ಗಂಜಿ ಏಕೆ ಬೇಡವೆಂದರೆ, ಜಿರಲೆ ಮತ್ತು ಬೆಳ್ಳಿಮೀನಿನಂಥ ಹುಳುಗಳಿಗೆ ಅದು ಊಟ.

ತೆಗೆದದ್ದನ್ನೆಲ್ಲ ಕೌದಿಗೆ ಹಾಕಬೇಕೆಂದಿಲ್ಲ. ಚೆನ್ನಾಗಿರುವ ಬಟ್ಟೆಗಳಲ್ಲಿ ಬಹುಪಾಲನ್ನು ಒಗೆದು ಬಿಸಿಲು ತೋರಿಸಿ ಯಾವುದಾದರೂ ಬಾಣಂತಿಯ ಮನೆಗೆ ಕೊಡಿ ಎಂದೇ ನನ್ನ ಸಲಹೆ. ತೊಡಬಹುದಾದ ಅಂಗಿಯನ್ನು ನೆನಪಿನ ಹೆಸರಿನಲ್ಲಿ ತುಂಡು ಮಾಡುವುದು ನನಗೆ ಒಪ್ಪಿಗೆಯಾಗದು. ಕಲೆಯಾದದ್ದು, ಗುಂಡಿ ಕಿತ್ತದ್ದು, ಅಂಚು ಸವೆದದ್ದು ಮತ್ತು ಯಾವುದರ ಹಿಂದೆ ಒಂದು ಕತೆಯಿದೆಯೋ ಅಂಥದ್ದು ಎಂಟು ಹತ್ತು ಸಾಕು. ಕುಲಾವಿ ಮತ್ತು ಕುಂಚಿಗೆಯನ್ನು ಮುಟ್ಟಬೇಡಿ. ಗುಳೇದಗುಡ್ಡದ ಖಣದಲ್ಲಿ ಹೊಲಿದ ಕುಂಚಿಗೆಯನ್ನು ಕತ್ತರಿಸಿದರೆ ನಿಮಗೆ ಸಿಗುವುದು ಎರಡು ಚೌಕ, ಹೋಗುವುದು ಒಂದು ಕುಂಚಿಗೆ.

ಕಲೆಗಳ ವಿಚಾರ ಸ್ವಾರಸ್ಯವಾದದ್ದು. ಹಾಲಿನ ಕಲೆ ಪ್ರೋಟೀನಿನದು. ಬಿಸಿನೀರು ಹಾಕಿದರೆ ಮೊಟ್ಟೆ ಬೆಂದಂತೆ ಬೆಂದು ಎಳೆಗೆ ಕಚ್ಚಿಕೊಳ್ಳುತ್ತದೆ. ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಸಬೇಕು. ಅರಿಶಿನದ ಕಲೆಗೆ ಸಾಬೂನು ತಗುಲಿದರೆ ಕೆಂಪಾಗುತ್ತದೆ, ಹೆದರಬೇಡಿ. ಸಾಬೂನು ಪ್ರತ್ಯಾಮ್ಲ, ಅರಿಶಿನ ಸೂಚಕ, ಪ್ರಯೋಗಶಾಲೆಯಲ್ಲಿ ನೀವೇ ಮಾಡಿದ ಪ್ರಯೋಗ. ನೀರಿನಲ್ಲಿ ಜಾಲಿಸಿ ಬಿಸಿಲಿಗೆ ಹರಡಿದರೆ ಅರಿಶಿನ ಬೆಳಕಿಗೆ ತಾನೇ ಮಾಸುತ್ತದೆ. ಬ್ಲೀಚಿಂಗ್ ಪುಡಿಯ ಸಹವಾಸ ಬೇಡ. ಹದಿನೈದು ವರ್ಷದ ಹಳೆಯ ಎಳೆ ಅದನ್ನು ತಡೆಯುವುದಿಲ್ಲ. ಒಂದೆರಡು ಕಲೆ ಉಳಿದರೆ ಉಳಿಯಲಿ ಬಿಡಿ. ಯಾವ ಊರಿನ ಜಾತ್ರೆಯಲ್ಲಿ ಯಾವ ಮಿಠಾಯಿ ತಿಂದು ಆದ ಕಲೆ ಎಂದು ಅಜ್ಜಿಯನ್ನು ಕೇಳಿದರೆ ಗೊತ್ತಾಗುತ್ತದೆ.

ಮುಂದಿನ ಕೆಲಸ ಬಟ್ಟೆಯ ಜಾತಿ ಕಂಡುಹಿಡಿಯುವುದು. ದೊಡ್ಡವರು ಪಕ್ಕದಲ್ಲಿರುವಾಗ, ಅಂಚಿನಿಂದ ಎರಡು ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು ಮೇಣದ ಬತ್ತಿಗೆ ತೋರಿಸಿ. ಕೆಳಗೊಂದು ನೀರಿನ ತಟ್ಟೆಯಿರಲಿ. ಕಾಗದ ಸುಟ್ಟ ವಾಸನೆ, ಮುಟ್ಟಿದರೆ ಉದುರುವ ಬೂದಿ ಬಂದರೆ ಹತ್ತಿ. ಕೂದಲು ಸುಟ್ಟ ವಾಸನೆ ಬಂದರೆ ಉಣ್ಣೆ ಅಥವಾ ರೇಷ್ಮೆ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್. ಇದು ಏಕೆ ಬೇಕು? ಚೌಕಗಳನ್ನು ಇಸ್ತ್ರಿ ಮಾಡಲೇಬೇಕು. ಹತ್ತಿ ಸುಮಾರು 200 ಡಿಗ್ರಿ ಸೆಲ್ಸಿಯಸ್ ಶಾಖವನ್ನು ತಡೆಯುತ್ತದೆ, ಪಾಲಿಯೆಸ್ಟರಿಗೆ 150ರ ಮೇಲೆ ಹೋಗಬಾರದು. ಇಸ್ತ್ರಿಪೆಟ್ಟಿಗೆಯ ಮೇಲಿನ ಮೂರು ಚುಕ್ಕೆ, ಎರಡು ಚುಕ್ಕೆಗಳ ಅರ್ಥ ಅದೇ.

ಇನ್ನೊಂದು ವಿಂಗಡಣೆಯೂ ಇದೆ: ನೇಯ್ದದ್ದು ಮತ್ತು ಹೆಣೆದದ್ದು. ನೇಯ್ದ ಬಟ್ಟೆಯಲ್ಲಿ ಹಾಸು ಹೊಕ್ಕು ಎಂಬ ಎರಡು ದಿಕ್ಕುಗಳಿವೆ. ಆ ಎರಡು ದಿಕ್ಕಿನಲ್ಲಿ ಎಳೆದರೆ ಅದು ಅಷ್ಟಾಗಿ ಬಗ್ಗದು, ಮೂಲೆಯಿಂದ ಮೂಲೆಗೆ ಎಳೆದರೆ ಜಗ್ಗುತ್ತದೆ. ಆದ್ದರಿಂದ ಚೌಕದ ಅಂಚು ಎಳೆಯ ಜೊತೆಗೇ ಹೋಗಬೇಕು. ಬನಿಯನ್ ಬಟ್ಟೆಯ ಜಬಲಾ ಹೆಣೆದದ್ದು. ಅದರೊಳಗೆ ಎಳೆ ಬರೀ ಕುಣಿಕೆಗಳಾಗಿರುವುದರಿಂದ ಎತ್ತ ಎಳೆದರೂ ಹಿಗ್ಗುತ್ತದೆ. ಅಂಥದ್ದನ್ನು ಕತ್ತರಿಸುವ ಮೊದಲೇ ಹಿಂಬದಿಗೆ ದರ್ಜಿಗಳು ಕಾಲರಿಗೆ ಬಳಸುವ ಅಂಟು ಬಟ್ಟೆಯನ್ನು, ತೆಳುವಾದದ್ದನ್ನು, ಇಸ್ತ್ರಿ ಹಾಕಿ ಅಂಟಿಸಿಕೊಳ್ಳಿ. ಹಾಗೆ ಮಾಡದಿದ್ದರೆ ನೀವು ಕತ್ತರಿಸಿದ ಚೌಕ ಹೊಲಿಯುವ ಹೊತ್ತಿಗೆ ಹಲಸಿನ ಹಪ್ಪಳದ ಆಕಾರಕ್ಕೆ ಬಂದಿರುತ್ತದೆ.

ಲೆಕ್ಕಕ್ಕೆ ಬರೋಣ. ಮೊದಲ ಕೌದಿ ಚಿಕ್ಕದಿರಲಿ. ಅಡ್ಡಕ್ಕೆ 5, ಉದ್ದಕ್ಕೆ 6, ಒಟ್ಟು 30 ಚೌಕ. ಹೊಲಿದ ಮೇಲೆ ಒಂದೊಂದು ಚೌಕ 6 ಅಂಗುಲ ಬರಬೇಕಾದರೆ, ನಾಲ್ಕೂ ಕಡೆ ಕಾಲು ಅಂಗುಲ ಹೊಲಿಗೆಗೆ ಹೋಗುವುದರಿಂದ, ಆರೂವರೆ ಅಂಗುಲಕ್ಕೆ ಕತ್ತರಿಸಬೇಕು. ಚದುರಂಗದ ಮಣೆಯಂತೆ ಒಂದು ಚೌಕ ಕೂಸಿನ ಬಟ್ಟೆ, ಪಕ್ಕದ್ದು ಅಮ್ಮನ ಹಳೆಯ ಕಾಟನ್ ಸೀರೆ. ಹಾಗಾದರೆ ಕೂಸಿನ ಬಟ್ಟೆಯಿಂದ ಬೇಕಾದದ್ದು 15 ಚೌಕ ಮಾತ್ರ. ಒಂದು ಅಂಗಿಯ ಎದೆಯಿಂದ ಒಂದು, ಬೆನ್ನಿನಿಂದ ಒಂದು ಸಿಕ್ಕರೂ ಎಂಟು ಅಂಗಿ ಸಾಕು. ಉಳಿದದ್ದನ್ನೆಲ್ಲ ಒಂದು ಸೀರೆಯೇ ಪೂರೈಸುತ್ತದೆ. ನಂಬಿಕೆಯಿಲ್ಲವೇ? ಐದೂವರೆ ಮೀಟರ್ ಸೀರೆಯ ಉದ್ದ ಸುಮಾರು 216 ಅಂಗುಲ, ಅಗಲ 45. ಕೌದಿಗೆ ಸುತ್ತ 3 ಅಂಗುಲದ ಅಂಚು ಕೊಟ್ಟರೆ ಅಳತೆ 36ಕ್ಕೆ 42. ಒಳಗೆ ಎರಡು ಪದರ, ಅಡಿಗೆ ಒಂದು, ಒಟ್ಟು ಮೂರು. ಒಂದೊಂದಕ್ಕೆ ಸೀರೆಯ ಉದ್ದದಲ್ಲಿ 39 ಅಂಗುಲ ತೆಗೆದರೆ 117. ಹದಿನೈದು ಚೌಕಗಳಿಗೆ ಮತ್ತೆ 20. ಇನ್ನೂ 79 ಅಂಗುಲ ಉಳಿಯಿತು. ಸುತ್ತಿನ ಅಂಚು ಅದರಲ್ಲಿ ಬಂತು, ಸವೆದ ಜಾಗವನ್ನು ಬಿಟ್ಟು ಕತ್ತರಿಸಲು ಅವಕಾಶವೂ ಆಯಿತು. ಈ ಲೆಕ್ಕವನ್ನು ಮಕ್ಕಳಿಂದಲೇ ಹಾಕಿಸಿ. ಕ್ಷೇತ್ರಫಲದ ಅಧ್ಯಾಯ ತಾನಾಗಿ ಮುಗಿಯುತ್ತದೆ.

ಹೊಸ ಬಟ್ಟೆಯನ್ನೇ ಬಳಸುವವರು ಕತ್ತರಿಸುವ ಮೊದಲು ನೆನೆಸಿ ಒಣಗಿಸಬೇಕು. ಕೂಸಿನ ಅಂಗಿಯೂ ಹಳೆಯ ಸೀರೆಯೂ ಕುಗ್ಗಬೇಕಾದಷ್ಟು ಆಗಲೇ ಕುಗ್ಗಿರುತ್ತವೆ. ಅಡಿಗೆ ಹಾಕಿದ ಹೊಸ ಬಟ್ಟೆ ನೂರಕ್ಕೆ ಮೂರರಷ್ಟು ಕುಗ್ಗಿದರೂ 42 ಅಂಗುಲದಲ್ಲಿ ಒಂದೂಕಾಲು ಅಂಗುಲ ಹೋಯಿತು. ಮೊದಲ ಒಗೆತಕ್ಕೇ ಕೌದಿ ಮುದುಡುತ್ತದೆ.

ಚೌಕದ ಅಚ್ಚಿಗೆ ರಟ್ಟು ಬೇಡ. ಹತ್ತು ಸಲ ಪೆನ್ಸಿಲ್ ಓಡಿಸಿದರೆ ಅದರ ಅಂಚು ಸವೆಯುತ್ತದೆ. ಮನೆಯಲ್ಲಿ ಬಿದ್ದಿರುವ ಹಳೆಯ ಎಕ್ಸ್‌ರೇ ಫಿಲ್ಮ್ ಇದಕ್ಕೆ ಹೇಳಿಮಾಡಿಸಿದ್ದು. ಅದರ ಮೂಲಕ ಕೆಳಗಿನ ಬಟ್ಟೆ ಕಾಣುವುದರಿಂದ ಆನೆಯ ಚಿತ್ರವೋ ಮೊಲದ ಚಿತ್ರವೋ ಸರಿಯಾಗಿ ಚೌಕದ ನಡುವೆ ಬರುವಂತೆ ನೋಡಿಕೊಳ್ಳಬಹುದು. ಅಜ್ಜನ ಮೊಣಕಾಲಿನ ಎಕ್ಸ್‌ರೇ ಮೊಮ್ಮಗಳ ಕೌದಿಗೆ ಒದಗುವುದೆಂದರೆ ಸಾಮಾನ್ಯವೇ! ಹೊಲಿಗೆಯ ಕಾಲು ಅಂಗುಲವನ್ನು ಮಾತ್ರ ಬಿಗಿಯಾಗಿ ಪಾಲಿಸಿ. ಒಂದು ಜೋಡಿಸುವ ಕಡೆ ಎರಡೂ ತುಂಡಿನಲ್ಲಿ ಅಂಗುಲದ ಹದಿನಾರನೇ ಒಂದು ಭಾಗ ಹೆಚ್ಚು ಒಳಗೆ ಹೋದರೆ ನಷ್ಟ ಅಂಗುಲದ ಎಂಟನೇ ಒಂದು ಭಾಗ. ಐದು ಚೌಕದ ಸಾಲಿನಲ್ಲಿ ಜೋಡಣೆ ನಾಲ್ಕು. ಅಲ್ಲಿಗೆ ಅರ್ಧ ಅಂಗುಲ ಮಾಯ, ಮುಂದಿನ ಸಾಲಿನ ಮೂಲೆಗೆ ಈ ಸಾಲಿನ ಮೂಲೆ ಕೂಡುವುದಿಲ್ಲ. ಸಣ್ಣ ದೋಷಗಳು ಒಂದರ ಮೇಲೊಂದು ಕೂಡುತ್ತವೆ ಎಂದು ವರ್ನಿಯರ್ ಕ್ಯಾಲಿಪರ್ಸ್ ಹಿಡಿದು ನಾವು ತರಗತಿಯಲ್ಲಿ ಕೂಗುವುದು ಇದನ್ನೇ.

ಚೌಕಗಳನ್ನು ಸಾಲಾಗಿ, ಸಾಲುಗಳನ್ನು ಒಂದಕ್ಕೊಂದು ಹೊಲಿಗೆ ಯಂತ್ರದಲ್ಲಿ ಜೋಡಿಸಿಕೊಳ್ಳಿ. ಪದರಗಳನ್ನು ನೆಲದ ಮೇಲೆ ಸುಕ್ಕಿಲ್ಲದೆ ಹರಡಿ, ನಡುವಿನಿಂದ ಅಂಚಿಗೆ ದೊಡ್ಡ ದೊಡ್ಡ ಕಚ್ಚಾ ಹೊಲಿಗೆ ಹಾಕಿ, ಆಮೇಲೆ ಕೈಯಿಂದ ಸಣ್ಣ ಹೊಲಿಗೆ ಶುರುಮಾಡಿ. ದಾರ ಹತ್ತಿಯದೇ ಇರಲಿ. ನೈಲಾನ್ ದಾರ ಗಟ್ಟಿ ನಿಜ, ಆದರೆ ಜಗ್ಗಾಟವಾದಾಗ ಅದು ಹರಿಯದೆ ಹಳೆಯ ಬಟ್ಟೆಯನ್ನು ಕೊಯ್ಯುತ್ತದೆ. ಹರಿಯಬೇಕಾದದ್ದು ದಾರ, ದಾರವನ್ನು ಮತ್ತೆ ಹಾಕಬಹುದು. ನಾಲ್ಕು ಪದರ ಚುಚ್ಚುವಾಗ ಸೂಜಿಯ ಹಿಂತುದಿ ಬೆರಳಿಗೆ ನಾಟುತ್ತದೆ. ಕಡಿಮೆ ವಿಸ್ತೀರ್ಣ, ಹೆಚ್ಚು ಒತ್ತಡ. ಅಂಗುಸ್ತಾನ ಎಂದು ದರ್ಜಿಗಳು ಕರೆಯುವ ಬೆರಳ ಟೋಪಿಯನ್ನು ಹಾಕಿಕೊಳ್ಳಿ. ಮುಗಿದ ಮೇಲೆ ಅಡಿ ಬಟ್ಟೆಯಲ್ಲಿ ಸುತ್ತ ಉಳಿದಿರುವ ಒಂದೂವರೆ ಅಂಗುಲವನ್ನು ಮುಂದಕ್ಕೆ ಮಡಿಸಿ ಹೊಲಿದರೆ ಅಂಚು ಕಟ್ಟಿದಂತಾಯಿತು. ಇದು ಹೆಣ್ಣುಮಕ್ಕಳ ಕೆಲಸ ಎಂದು ಗಂಡುಹುಡುಗರು ಜಾರಿಕೊಳ್ಳಬಾರದು. ಹಾಸ್ಟೆಲಿಗೆ ಹೋದ ಮೊದಲ ವಾರವೇ ಅಂಗಿಯ ಗುಂಡಿ ಕಿತ್ತುಬಂದಾಗ ಅಲ್ಲಿ ಅಮ್ಮ ಇರುವುದಿಲ್ಲ.

ಒಂದು ಎಚ್ಚರಿಕೆ. ವರ್ಷ ತುಂಬದ ಕೂಸು ಮಲಗಿರುವಾಗ ಅದರ ಮೇಲೆ ಇಂಥ ಸಡಿಲ ಹೊದಿಕೆ ಹಾಕಬಾರದೆಂದು ಮಕ್ಕಳ ವೈದ್ಯರು ಹೇಳುತ್ತಾರೆ. ಮುಖ ಮುಚ್ಚಿ ಉಸಿರು ಕಟ್ಟಬಹುದು. ಗುಂಡಿ, ಮಣಿ, ಲೇಸುಗಳೂ ಚಿಕ್ಕ ಮಕ್ಕಳ ಬಾಯಿಗೆ ಹೋಗುವ ವಸ್ತುಗಳೇ. ಈ ಕೌದಿ ಬೆಳೆದ ಮಕ್ಕಳಿಗೆ.

ಇನ್ನು ಪತ್ರದ ಕೊನೆಯ ಸಾಲು.

ಲಂಡನ್ನಿನಲ್ಲಿ ಸಾಕಲಾರದ ತಾಯಂದಿರ ಕೂಸುಗಳನ್ನು ಸೇರಿಸಿಕೊಳ್ಳುವ ಫೌಂಡ್ಲಿಂಗ್ ಆಸ್ಪತ್ರೆ ಎಂಬ ಅನಾಥಾಲಯವೊಂದಿತ್ತು. 1741ರಲ್ಲಿ ಮೊದಲ ಮಕ್ಕಳನ್ನು ತೆಗೆದುಕೊಂಡಿತು. ಮಗುವನ್ನು ಬಿಟ್ಟುಹೋಗುವಾಗ ಒಂದು ತುಂಡು ಬಟ್ಟೆಯನ್ನು, ಎಷ್ಟೋ ಸಲ ಆ ಮಗುವಿನ ಬಟ್ಟೆಯಿಂದಲೇ ಕತ್ತರಿಸಿ, ದಾಖಲೆಯ ಹಾಳೆಗೆ ಗುಂಡುಸೂಜಿಯಿಂದ ಚುಚ್ಚಿಡುತ್ತಿದ್ದರು. ಮುಂದೆ ತಾಯಿ ಮರಳಿ ಬಂದರೆ ಗುರುತಿಗೆ. ಅಂಥ ಸುಮಾರು 5,000 ತುಂಡುಗಳು ಇಂದಿಗೂ ಉಳಿದಿವೆ. ಅವುಗಳಲ್ಲೊಂದು, ಬಣ್ಣದ ತುಂಡುಗಳನ್ನು ಜೋಡಿಸಿ ಹೊಲಿದು ಹೃದಯದ ಆಕಾರದ ಕಸೂತಿ ಹಾಕಿದ ಬಟ್ಟೆ. ಅದನ್ನು ಸರಿಯಾಗಿ ನಡುವೆ ಕತ್ತರಿಸಿ ಅರ್ಧವನ್ನು 1767ರ ಫೆಬ್ರವರಿಯಲ್ಲಿ ಮಗನ ಜೊತೆ ಬಿಟ್ಟವಳು ಸೆರಾ ಬೆಂಡರ್ ಎಂಬ ಹೆಂಗಸು. ಎಂಟು ವರ್ಷದ ಮೇಲೆ, 1775ರಲ್ಲಿ, ಅವಳು ಬಂದು ಮಗನನ್ನು ಕರೆದುಕೊಂಡು ಹೋದಳು. ಹಾಗೆ ಮರಳಿ ತಾಯಿಯ ಕೈ ಸೇರಿದ ಮಕ್ಕಳು ಬಹಳ ಕಡಿಮೆ. ಕತ್ತರಿ ಹಾಕಿದ ಮಾತ್ರಕ್ಕೆ ಬಟ್ಟೆ ಸಂಬಂಧ ಕಡಿಯುತ್ತದೆ ಎಂದೇನೂ ಇಲ್ಲ ಎನ್ನುವುದಕ್ಕೆ ಇದನ್ನು ಹೇಳಿದೆ. ಅಜ್ಜಿಗೂ ಓದಿ ಹೇಳಿ.

ಆದರೆ ಆ ಅಜ್ಜಿ ಕಾಯುತ್ತಿರುವುದು ಮೊಮ್ಮಗಳ ಹದಿನೈದು ಅಂಗಿಗಳನ್ನಲ್ಲ, ಇನ್ನೆರಡನ್ನು ಎಂದು ನನಗನ್ನಿಸುತ್ತದೆ. ಆ ಎರಡಕ್ಕೆ ಕತ್ತರಿ ಹಾಕಬೇಡಿ. ಹಾಕುವ ಅಗತ್ಯವೂ ಇಲ್ಲ. ಕೌದಿಯ ಒಳಗೆ ಹಳೆಯ ಬಟ್ಟೆಯನ್ನು ಇಡಿಯಾಗಿ ಹರಡುವುದು ನಮ್ಮಲ್ಲಿ ಇದ್ದದ್ದೇ. ಗುಂಡಿಗಳನ್ನು ದಾರ ಬಿಚ್ಚಿ ತೆಗೆದು, ಒಗೆದು, ತೋಳು ಚಾಚಿದಂತೆ ಹರಡಿ, ಎರಡು ಸೀರೆ ಪದರಗಳ ನಡುವೆ ಒಂದೊಂದನ್ನು ಇಟ್ಟರೆ ಮೇಲಿನಿಂದ ಕಾಣುವುದಿಲ್ಲ. ಕೈಯಾಡಿಸಿದರೆ ಅಲ್ಲಿ ಸ್ವಲ್ಪ ದಪ್ಪ ಸಿಗುತ್ತದೆ, ಅಷ್ಟೆ. ಒಮ್ಮೆ ಒಳಗೆ ಹೋದದ್ದನ್ನು ಹೊಲಿಗೆ ಬಿಚ್ಚದೆ ತೆಗೆಯಲಾಗುವುದಿಲ್ಲವಾದ್ದರಿಂದ ಅಜ್ಜಿಯನ್ನು ಮೊದಲೇ ಕೇಳಿ. ಟ್ರಂಕಿನಲ್ಲೇ ಇರಲಿ ಎಂದರೆ ಇರಲಿ. ತಾವೇ ಹರಡಿ ಇಡುತ್ತೇನೆ ಎಂದರೆ ಜಾಗ ಬಿಡಿ. ಮಗಳಿಗೆ ತನಗಿಂತ ಮೊದಲು ಹುಟ್ಟಿದ ಮಗುವಿನ ವಿಷಯ ಗೊತ್ತಿದೆಯೇ ಎಂದು ಪತ್ರದಲ್ಲಿ ಬರೆದಿಲ್ಲ. ಗೊತ್ತಿಲ್ಲದಿದ್ದರೆ ಹೇಳುವುದಕ್ಕೆ ಹೊಲಿಯುವ ಹೊತ್ತು ಒಳ್ಳೆಯದು. ಮೂವರ ಕಣ್ಣೂ ಸೂಜಿಯ ಮೇಲಿರುತ್ತದೆ, ಯಾರೂ ಯಾರ ಮುಖವನ್ನೂ ನೋಡಬೇಕಾಗಿಲ್ಲ.

ಅಜ್ಜಿಗೆ ದಾರ ಪೋಣಿಸಲು ಕಣ್ಣು ಸಹಕರಿಸದಿದ್ದರೆ ಬೆಳಿಗ್ಗೆಯೇ ಹತ್ತು ಸೂಜಿಗೆ ದಾರ ಪೋಣಿಸಿ ಒಂದು ಬಟ್ಟೆಗೆ ಚುಚ್ಚಿ ಅವರ ಪಕ್ಕದಲ್ಲಿಡಿ. ಸಂಜೆ ಸೂಜಿಗಳನ್ನು ಎಣಿಸಿ ತೆಗೆಯಿರಿ. ಹತ್ತು ಕೊಟ್ಟಿದ್ದರೆ ಹತ್ತು ಬರಬೇಕು. ದಿನಕ್ಕೆ ಒಂದು ಗಂಟೆಯಂತೆ ಕೂತರೆ ಬೇಸಿಗೆ ರಜೆಯೊಳಗೆ ಮುಗಿಯುವ ಕೆಲಸ ಇದು. ಮುಗಿದ ತಿಂಗಳು, ವರ್ಷ ಮತ್ತು ಹೊಲಿದವರ ಹೆಸರುಗಳನ್ನು ಹಿಂಬದಿಯ ಮೂಲೆಯಲ್ಲಿ ದಾರದಿಂದಲೇ ಬರೆಯಿರಿ. ಪೆನ್ನಿನ ಶಾಯಿ ನಿಲ್ಲುವುದಿಲ್ಲ.

ಒಗೆಯುವಾಗ ತಣ್ಣೀರು, ಸೌಮ್ಯವಾದ ಸಾಬೂನು. ಬಂಡೆಗೆ ಬಡಿಯಬೇಡಿ. ನೀರು ಕುಡಿದ ಕೌದಿಯನ್ನು ತಂತಿಯ ಮೇಲೆ ನೇತುಹಾಕಿದರೆ ನೀರಿನ ಭಾರವೆಲ್ಲ ಒಂದೇ ಗೆರೆಯ ಮೇಲೆ ಬಿದ್ದು ಹೊಲಿಗೆ ಜಗ್ಗುತ್ತದೆ. ಇಬ್ಬರು ಹಿಡಿದು ಎತ್ತಿ ಚಾಪೆಯ ಮೇಲೆ ಹರಡಿ, ಬಣ್ಣದ ಬದಿ ಕೆಳಗಿರಲಿ, ಮಧ್ಯಾಹ್ನ ಒಮ್ಮೆ ಮಗುಚಿ. ಇಬ್ಬನಿ ಬೀಳುವ ಮೊದಲು ಒಳಗೆ ತನ್ನಿ.